ಕೂಲಿಯ ಅಳತೆಯೂ ಅಹಿಂಸೆಯೇ

ವರ್ತೂರಿನ ತಗಡಿನ ಶೆಡ್ಡುಗಳಲ್ಲಿ ಒಲೆ ಹೊತ್ತುವುದು ಸೂರ್ಯೋದಯಕ್ಕೆ ಮೊದಲೇ. ರಾಯಚೂರು, ಯಾದಗಿರಿ, ಕಲಬುರಗಿಯ ಕಡೆಯಿಂದ, ಬಂಗಾಳ, ಬಿಹಾರಗಳಿಂದ ದುಡಿಮೆ ಅರಸಿ ಬಂದವರು ಗಾರೆ ಕೆಲಸಕ್ಕೆ, ಮನೆಗೆಲಸಕ್ಕೆ, ಕಾವಲಿಗೆ, ವೈಟ್‌ಫೀಲ್ಡಿನ ಕಚೇರಿಗಳ ಶುಚಿತ್ವದ ಕೆಲಸಕ್ಕೆ ಹೊರಡುತ್ತಾರೆ. ತಿಂಗಳ ಕೂಲಿ ಕೈಸೇರಿದೊಡನೆ ಬಾಡಿಗೆ, ದಿನಸಿ, ಅಡುಗೆ ಅನಿಲ, ಮಕ್ಕಳ ಶಾಲೆ, ಊರಿನಲ್ಲಿರುವ ಹೆತ್ತವರ ಔಷಧ ಎಂದು ಹಂಚಿಹೋಗುತ್ತದೆ. ವಿಶಾಲವಾದ ಕೆರೆಯ ಮಗ್ಗುಲಲ್ಲಿ ಬಾಳಿದರೂ ಅದರ ನೀರು ಕುಡಿಯಲು ಯೋಗ್ಯವಲ್ಲ. ಕ್ಯಾನಿನ ನೀರಿಗೆ ಹಣ ತೆರಬೇಕು. ನಾಲ್ಕು ದಿನ ಜ್ವರ ಬಂದರೆ ಕೂಲಿ ತಪ್ಪುತ್ತದೆ, ಸಾಲ ಏರುತ್ತದೆ. ಆಗ ಮೊದಲು ಕಡಿಮೆಯಾಗುವುದು ತಟ್ಟೆಯಲ್ಲಿನ ಅನ್ನ.

ಇದು ಆಡಳಿತದ ವಿಷಯ, ಧರ್ಮಕ್ಕೇನು ಸಂಬಂಧ ಎನ್ನುವವರುಂಟು. ಆಚಾರ್ಯ ಉಮಾಸ್ವಾಮಿಗಳ ‘ತತ್ತ್ವಾರ್ಥಸೂತ್ರ’ದ 7ನೇ ಅಧ್ಯಾಯವು ಶ್ರಾವಕನ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು ಹಿಂಸೆಯೆಂದು ಯಾರಾದರೂ ಗುರುತಿಸಬಲ್ಲರು. ಉಳಿದೆರಡು ಸೂಕ್ಷ್ಮವಾದವು. ಶಕ್ತಿಗೆ ಮೀರಿದ ಹೊರೆ ಹೊರಿಸುವುದು, ಹೊತ್ತಿಗೆ ಅನ್ನನೀರು ದೊರೆಯದಂತೆ ಮಾಡುವುದು. ಇಲ್ಲಿ ರಕ್ತ ಕಾಣದು. ಆದರೂ ವ್ರತಕ್ಕೆ ಕಳಂಕ ತಗಲುತ್ತದೆ. ನೊಗಕ್ಕೆ ಕಟ್ಟಿದ ಎತ್ತಿನ ವಿಷಯದಲ್ಲಿ ದೋಷವೆನಿಸಿದ್ದು, ಹನ್ನೆರಡು ಗಂಟೆ ನಿಂತು ಬಾಗಿಲು ಕಾಯುವ ಮನುಷ್ಯನ ವಿಷಯದಲ್ಲಿ ದೋಷವಲ್ಲವೆನ್ನುವುದು ಹೇಗೆ?

ಎಷ್ಟು ಕೊಟ್ಟರೆ ಸಾಕು ಎಂಬುದಕ್ಕೆ ಲೋಕವ್ಯವಹಾರವೂ ಅಳತೆಯೊಂದನ್ನು ಕಂಡುಕೊಂಡಿದೆ. 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನವು ದುಡಿಯುವವನೊಬ್ಬನನ್ನು ಮೂರು ಘಟಕಗಳ ಕುಟುಂಬವೆಂದು ಪರಿಗಣಿಸಿತು. ವಯಸ್ಕರಿಗೆ ದಿನಕ್ಕೆ 2,700 ಕ್ಯಾಲೊರಿ ಆಹಾರ, ನಾಲ್ವರ ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಇಂಧನ ಮತ್ತು ದೀಪದ ವೆಚ್ಚ ಇವೆಲ್ಲವನ್ನೂ ಕನಿಷ್ಠ ಕೂಲಿಯ ಲೆಕ್ಕಕ್ಕೆ ಸೇರಿಸಿತು. 1991ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಶಿಕ್ಷಣ, ವೈದ್ಯಕೀಯ ಖರ್ಚು, ವೃದ್ಧಾಪ್ಯದ ಅಗತ್ಯಗಳನ್ನೂ ಕೂಡಿಸಿತು. ಹೊಟ್ಟೆಯೊಂದೇ ಅಲ್ಲ, ಬಾಳು ಕೂಡ ಕೂಲಿಯೊಳಗೆ ಅಡಗಿದೆ ಎಂಬುದು ಇದರ ತಿರುಳು.

ಬಡತನವು ಅವರವರ ಕರ್ಮಫಲವಲ್ಲವೇ ಎಂಬ ಸಮಾಧಾನದ ಮಾತೂ ಕೇಳಿಬರುತ್ತದೆ. ಒಬ್ಬನ ಅಸಾತಾವೇದನೀಯದ ಉದಯವು ಇನ್ನೊಬ್ಬನಿಗೆ ಕಠೋರವಾಗಿರಲು ಅಪ್ಪಣೆಯಲ್ಲ. ಪರರಿಗೆ ದುಃಖವನ್ನುಂಟುಮಾಡುವವನು ತಾನೇ ಅಸಾತಾವೇದನೀಯವನ್ನು ಕಟ್ಟಿಕೊಳ್ಳುತ್ತಾನೆ. ಪರರ ಲಾಭಭೋಗಗಳಿಗೆ ವಿಘ್ನ ತಂದೊಡ್ಡುವವನಿಗೆ ಅಂತರಾಯ ಕರ್ಮದ ಆಸ್ರವವಾಗುತ್ತದೆ. ಹೀಗೆಂದು ಅದೇ ಗ್ರಂಥದ 6ನೇ ಅಧ್ಯಾಯ ಎಚ್ಚರಿಸುತ್ತದೆ. ಅಷ್ಟಮಿ, ಚತುರ್ದಶಿಗಳಲ್ಲಿ ತಾನಾಗಿ ಬಿಟ್ಟ ಊಟ ತಪಸ್ಸು. ಕೂಲಿ ಸಾಲದೆ ತಾಯಿಯೊಬ್ಬಳು ಮಕ್ಕಳಿಗೆ ಬಡಿಸಿ ತಾನು ಬಿಟ್ಟ ಊಟಕ್ಕೆ ಉತ್ತರ ಹೇಳಬೇಕಾದವರು ಬೇರೆಯವರು.

ಶ್ರವಣಬೆಳಗೊಳದ ಗುಳ್ಳಕಾಯಜ್ಜಿಯ ಕಥೆ ಕನ್ನಡಿಗರಿಗೆ ಹೊಸದಲ್ಲ. ಚಾವುಂಡರಾಯನ ಕೊಡಗಟ್ಟಲೆ ಹಾಲು ಬಾಹುಬಲಿಯ ಪಾದ ಮುಟ್ಟಲಿಲ್ಲ. ಬಡ ಮುದುಕಿಯ ಗುಳ್ಳಕಾಯಿಯಷ್ಟು ಹಾಲು ಮುಟ್ಟಿತು. ದಾನದ ಗಾತ್ರಕ್ಕಿಂತ ಅದರ ಹಿಂದಿನ ಭಾವಶುದ್ಧಿ ದೊಡ್ಡದೆಂಬುದೇ ಆ ಕಥೆಯ ನೀತಿ. ದುಡಿದವರ ಕೂಲಿ ಹಿಡಿದಿಟ್ಟು ನೀಡಿದ ದಾನದಲ್ಲಿ ಆ ಶುದ್ಧಿ ಎಲ್ಲಿಂದ ಬರಬೇಕು?

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳೂ ಶ್ರೇಷ್ಠವೇ. ಆದರೆ ಕೂಲಿ ದಾನವಲ್ಲ, ಋಣ. ಋಣ ತೀರಿದ ಬಳಿಕವೇ ದಾನಕ್ಕೆ ಕೈಯೆತ್ತಬೇಕು. ಗೊತ್ತಾದ ದಿನವೇ ಪೂರ್ತಿ ಕೂಲಿ ಕೊಡುವುದು, ಜ್ವರದ ದಿನ ಕಡಿತಗೊಳಿಸದಿರುವುದು, ಗುತ್ತಿಗೆದಾರನ ಮೂಲಕ ಕೊಟ್ಟ ಹಣ ದುಡಿದವರ ಕೈ ತಲುಪಿತೇ ಎಂದು ವಿಚಾರಿಸುವುದು ಗೃಹಸ್ಥನಿಗೆ ಸಾಧ್ಯವಾದ ಆಚರಣೆಗಳು. ನೀರನ್ನು ಸೋಸಿ ಕುಡಿದು ಕಣ್ಣಿಗೆ ಕಾಣದ ಜೀವಿಗಳನ್ನು ಕಾಯುವ ಧರ್ಮವು, ಮನೆಬಾಗಿಲಲ್ಲಿ ನಿಂತ ಜೀವವನ್ನು ಮರೆಯದಿರಲಿ.