ಕಳೆದುಹೋದ ಹೆಜ್ಜೆಗಳ ಜಾಡು

1913ರ ಮೇ 29ರಂದು ಪ್ಯಾರಿಸ್ಸಿನಲ್ಲಿ ಸ್ಟ್ರಾವಿನ್‌ಸ್ಕಿಯ ‘ದ ರೈಟ್ ಆಫ್ ಸ್ಪ್ರಿಂಗ್’ ಬ್ಯಾಲೆ ಮೊದಲ ಸಲ ರಂಗಕ್ಕೇರಿದಾಗ ಸಭಾಂಗಣವೇ ರಣರಂಗವಾಯಿತು. ಕೂಗಾಟದಲ್ಲಿ ವಾದ್ಯಗಳ ಸದ್ದು ನರ್ತಕರಿಗೆ ಕೇಳಿಸದೆ, ನೃತ್ಯ ಸಂಯೋಜಿಸಿದ್ದ ನಿಜಿನ್‌ಸ್ಕಿ ಪರದೆಯ ಮರೆಯಲ್ಲಿ ಕುರ್ಚಿ ಹತ್ತಿ ನಿಂತು ಲೆಕ್ಕ ಕೂಗಿ ಹೇಳುತ್ತಿದ್ದನಂತೆ. ಆ ಸಂಗೀತವನ್ನು ಜಗತ್ತು ಇವತ್ತಿಗೂ ಕೇಳುತ್ತಿದೆ, ಗಲಾಟೆಯ ಕತೆಯನ್ನಂತೂ ಬಿಟ್ಟೇ ಇಲ್ಲ. ನೃತ್ಯ ಮಾತ್ರ ಬೆರಳೆಣಿಕೆಯ ಪ್ರದರ್ಶನಗಳಿಗೇ ಮುಗಿಯಿತು. ಅದೇ ವರ್ಷ ನಿಜಿನ್‌ಸ್ಕಿ ಮದುವೆಯಾದ. ಸಿಟ್ಟಾದ ತಂಡದ ಯಜಮಾನ ದಿಯಾಘಿಲೆವ್ ಅವನನ್ನು ಹೊರಹಾಕಿದ. 1920ರಲ್ಲಿ ಮತ್ತೆ ಆಡಿಸಲು ಹೊರಟರೆ ಹೆಜ್ಜೆಗಳೇ ನೆನಪಿಲ್ಲ! ಇನ್ನೊಬ್ಬ ನೃತ್ಯ ಸಂಯೋಜಕ ಮಾಸೀನ್ ಹೊಸದಾಗಿ ಕಟ್ಟಿಕೊಟ್ಟ.

ಆ ಹೆಜ್ಜೆಗಳ ಬೆನ್ನು ಬಿದ್ದವಳು ಅಮೆರಿಕದ ಮಿಲಿಸೆಂಟ್ ಹಾಡ್ಸನ್. ನಿಜಿನ್‌ಸ್ಕಿಗೆ ಲಯದ ಲೆಕ್ಕದಲ್ಲಿ ನೆರವಾಗಿದ್ದ ಮೇರಿ ರಾಂಬರ್ಟ್ ಬರೆದಿಟ್ಟ ಟಿಪ್ಪಣಿ, ವ್ಯಾಲೆಂಟೀನ್ ಗ್ರಾಸ್ ಬಿಡಿಸಿದ ಚಿತ್ರಗಳು, ಹಳೆಯ ಪತ್ರಿಕೆಗಳ ಬೈಗುಳ, ಎಲ್ಲವನ್ನೂ ವರ್ಷಗಟ್ಟಲೆ ಜೋಡಿಸಿದಳು. ವಿಮರ್ಶಕರು ಏನನ್ನು ಕಂಡು ಉರಿದುಬಿದ್ದರೋ ಅದೂ ಸಾಕ್ಷ್ಯವೇ ತಾನೆ! 1987ರಲ್ಲಿ ಜಾಫ್ರಿ ಬ್ಯಾಲೆ ತಂಡ ಅದನ್ನು ಆಡಿತು. ಬ್ಯಾಲೆಯಲ್ಲಿ ಪಾದ ಹೊರಕ್ಕೆ ತಿರುಗಬೇಕು, ನಮ್ಮ ಅರೆಮಂಡಿಯಲ್ಲೂ ಹಾಗೇ. ಇಲ್ಲಿ ಪಾದ ಒಳಕ್ಕೆ ತಿರುಗಿದೆ, ಮಂಡಿ ಬಾಗಿದೆ, ಬೆನ್ನು ಗೂನು, ನೆಗೆತವೆಲ್ಲ ನೆಲಕ್ಕೇ ಅಪ್ಪಳಿಸುವಂಥದ್ದು. ಕತೆಯಲ್ಲಿ ವಸಂತಕ್ಕೆ ಬಲಿಯಾಗಲು ಆಯ್ಕೆಯಾದ ಹುಡುಗಿ ಮಂಡಿಗಳನ್ನು ಒತ್ತಿಕೊಂಡು ಬಹಳ ಹೊತ್ತು ಕದಲದೆ ನಿಂತು, ಆಮೇಲೆ ಜಿಗಿಯತೊಡಗುತ್ತಾಳೆ.

ವೇಷ, ರಂಗಸಜ್ಜಿಕೆಯನ್ನು ಮತ್ತೆ ರೂಪಿಸಿದವನು ಕೆನೆತ್ ಆರ್ಚರ್. ಮೂಲದಲ್ಲಿ ಅವು ನಿಕೊಲಸ್ ರೋರಿಕ್‌ನ ಕೈಕೆಲಸ. ಈ ನಿಕೊಲಸ್, ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ದೇವಿಕಾ ರಾಣಿಯೊಂದಿಗೆ ಬಾಳಿದ ನಮ್ಮ ಸ್ವೆತೊಸ್ಲಾವ್ ರೋರಿಕ್ ಅವರ ಅಪ್ಪ.

ಹಾಡ್ಸನ್ ಕಟ್ಟಿದ್ದು ಅಪ್ಪಟ 1913 ಅಲ್ಲ, ಆಗಲೂ ಸಾಧ್ಯವಿಲ್ಲ. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ದೇಹ ಹೇಗೆ ಸಾಗಿತೆಂಬುದನ್ನು ಅವಳೇ ಊಹಿಸಬೇಕಿತ್ತು. ಆ ಊಹೆಯಲ್ಲೇ ಅವಳು ಇತಿಹಾಸಕಾರ್ತಿಗಿಂತ ಹೆಚ್ಚಾಗಿ ನೃತ್ಯ ಸಂಯೋಜಕಿ ಎಂದು ನನಗನಿಸುತ್ತದೆ.

1975ರಲ್ಲಿ ಇದೇ ಸಂಗೀತಕ್ಕೆ ತನ್ನದೇ ನೃತ್ಯ ಕಟ್ಟಿದ ಪೀನಾ ಬಾಷ್ ಹಳೆಯ ಹೆಜ್ಜೆಗಳ ಗೊಡವೆಗೇ ಹೋಗಲಿಲ್ಲ. ಜರ್ಮನಿಯ ವುಪರ್‌ಟಾಲ್‌ನಲ್ಲಿ ರಂಗದ ತುಂಬ ಕಪ್ಪು ಮಣ್ಣು ಹರಡಿಸಿದಳು. ಕುಣಿದಂತೆಲ್ಲ ಅದು ಬೆವರಿಗೆ ಅಂಟಿ ಮೈಯೆಲ್ಲ ಕೊಳೆ. ಬಲಿಯಾಗುವವಳು ತೊಡಬೇಕಾದ ಕೆಂಪು ಉಡುಪು ಒಬ್ಬಳ ಕೈಯಿಂದ ಇನ್ನೊಬ್ಬಳ ಕೈಗೆ ದಾಟುವಾಗಿನ ಭಯ ನಟನೆಯಂತೆ ಕಾಣುವುದೇ ಇಲ್ಲ. ಹಳೆಯ ಹೆಜ್ಜೆ ಒಂದೂ ಇಲ್ಲದ ಈ ನೃತ್ಯವೇ ನಿಜಿನ್‌ಸ್ಕಿಯ ಒರಟುತನಕ್ಕೆ ಹೆಚ್ಚು ಹತ್ತಿರ ಅನ್ನುವವರ ಪೈಕಿ ನಾನೂ ಒಬ್ಬ. ಈಗ ಅದೂ ಇತಿಹಾಸ. ಸೆನೆಗಲ್‌ನ ಎಕೋಲ್ ದೆ ಸಾಬ್ಲ್ ನೃತ್ಯಶಾಲೆಯಲ್ಲಿ ಆಫ್ರಿಕಾದ 14 ದೇಶಗಳ ನರ್ತಕರು ಅದನ್ನು ಕಲಿತರು. ಹೇಳಿಕೊಟ್ಟವರು ಬಾಷ್ ತಂಡದಲ್ಲಿ ಕುಣಿದಿದ್ದವರೇ.