ಯಕೃತ್ತಿನ ಕ್ಯಾನ್ಸರಿನಲ್ಲಿ ಮರಳಿ ಬರುವ ಶೈಶವದ ಪ್ರೋಟೀನು

ಮಾನವಶರೀರದ ಕೆಲವು ದ್ರವ್ಯಗಳು ಗರ್ಭವಾಸದ ಕಾಲಕ್ಕೇ ಮೀಸಲಾದವು. ತಾಯಿಯ ಉದರದಲ್ಲಿರುವ ಶಿಶುವಿನ ರಕ್ತದಲ್ಲಿ ಅವು ಹೇರಳವಾಗಿದ್ದು, ಜನನಾನಂತರ ತಮ್ಮ ಕಾರ್ಯ ಮುಗಿಯಿತೆಂಬಂತೆ ಹಿಂದೆ ಸರಿಯುತ್ತವೆ. ಆಲ್ಫಾ-ಫೀಟೋಪ್ರೋಟೀನ್ ಅಂತಹವುಗಳಲ್ಲೊಂದು. ಭ್ರೂಣದ ಯಕೃತ್ತು ಇದನ್ನು ಯಥೇಚ್ಛವಾಗಿ ತಯಾರಿಸುತ್ತದೆ. ಹುಟ್ಟಿದ ಮೇಲೆ ಇದರ ಸಮೀಪಬಂಧುವಾದ ಆಲ್ಬುಮಿನ್ ಆ ಸ್ಥಾನವನ್ನು ವಹಿಸಿಕೊಳ್ಳುತ್ತದೆ. ನವಜಾತ ಶಿಶುವಿನ ಒಂದು ಮಿಲಿಲೀಟರ್ ರಕ್ತರಸದಲ್ಲಿ ಹತ್ತಾರು ಸಾವಿರ ನ್ಯಾನೋಗ್ರಾಮ್ ಇರುವ ಈ ಪ್ರೋಟೀನು, ಆರೋಗ್ಯವಂತ ವಯಸ್ಕರಲ್ಲಿ ಸಾಮಾನ್ಯವಾಗಿ 10 ನ್ಯಾನೋಗ್ರಾಮಿಗಿಂತ ಕೆಳಗಿರುತ್ತದೆ. ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು ನ್ಯಾನೋಗ್ರಾಮ್ ಎಂಬುದನ್ನು ನೆನೆದರೆ ಅದರ ಅಲ್ಪತೆ ಮನವರಿಕೆಯಾದೀತು.

1963ರಲ್ಲಿ ಮಾಸ್ಕೋ ನಗರದಲ್ಲಿ ಗ್ಯಾರಿ ಅಬೆಲೆವ್ ಮತ್ತು ಅವರ ಸಹೋದ್ಯೋಗಿಗಳು ಯಕೃತ್ತಿನ ಅರ್ಬುದವುಳ್ಳ ಇಲಿಗಳ ರಕ್ತದಲ್ಲಿ ಭ್ರೂಣಾವಸ್ಥೆಯ ಈ ಪ್ರೋಟೀನನ್ನು ಕಂಡು ವಿಸ್ಮಿತರಾದರು. ಮರುವರ್ಷವೇ ಯೂರಿ ತತಾರಿನೋವ್ ಯಕೃತ್ತಿನ ಕ್ಯಾನ್ಸರ್ ಪೀಡಿತ ಮನುಷ್ಯನ ರಕ್ತದಲ್ಲಿಯೂ ಅದಿರುವುದನ್ನು ವರದಿ ಮಾಡಿದರು. ಪ್ರೌಢ ಜೀವಕೋಶವು ಕ್ಯಾನ್ಸರಿಗೆ ತುತ್ತಾದಾಗ ತನ್ನ ಶಿಸ್ತನ್ನು ಮರೆತು ಶೈಶವದ ಚರ್ಯೆಗೆ ಮರಳುವುದೆಂಬುದಕ್ಕೆ ಇದು ಪ್ರತ್ಯಕ್ಷ ನಿದರ್ಶನವಾಯಿತು.

ಆರಂಭದಲ್ಲಿ ಬಳಕೆಯಲ್ಲಿದ್ದ ಅಗರ್ ಲೋಳೆಯ ಪರೀಕ್ಷೆಯು ಪ್ರೋಟೀನು ಅಪಾರ ಪ್ರಮಾಣದಲ್ಲಿದ್ದಾಗ ಮಾತ್ರ ಅದನ್ನು ಗುರುತಿಸುತ್ತಿತ್ತು. ಆದುದರಿಂದ ಫಲಿತಾಂಶ ಬಂದಾಗ ಅದು ಬಹುಮಟ್ಟಿಗೆ ನಂಬತಕ್ಕದ್ದೇ ಆಗಿದ್ದರೂ ಅಷ್ಟರಲ್ಲಿ ರೋಗ ಬಲಿತಿರುತ್ತಿತ್ತು. 1970ರ ದಶಕದಲ್ಲಿ ವಿಕಿರಣಶೀಲ ಧಾತುವಿನ ನೆರವಿನಿಂದ ಅತಿಸೂಕ್ಷ್ಮ ಪರೀಕ್ಷೆ ಬಂದಿತು. ಆಗ ಹೊಸದೊಂದು ತೊಡಕು ಹುಟ್ಟಿಕೊಂಡಿತು: ಕಾಮಾಲೆ ತರುವ ಯಕೃತ್ತಿನ ಉರಿಯೂತ, ಸಿರೋಸಿಸ್, ವೃಷಣದ ಕೆಲವು ಅರ್ಬುದಗಳು, ಕೊನೆಗೆ ಗರ್ಭಧಾರಣೆಯಲ್ಲಿಯೂ ಈ ಅಂಕಿ ಏರುವುದು ಕಂಡುಬಂದಿತು. ಗಾಯಗೊಂಡ ಯಕೃತ್ತು ಹೊಸ ಕೋಶಗಳನ್ನು ಬೆಳೆಸಿಕೊಳ್ಳುವಾಗಲೂ ಇದನ್ನು ಸ್ರವಿಸುತ್ತದೆ. ಮೇಲಾಗಿ, ಸುಮಾರು ಮೂರನೆಯ ಒಂದು ಪಾಲು ರೋಗಿಗಳಲ್ಲಿ ಕ್ಯಾನ್ಸರ್ ಇದ್ದರೂ ಈ ಪ್ರೋಟೀನು ಏರುವುದೇ ಇಲ್ಲ. ಅಂಕಿ ಕಡಮೆಯಿದೆಯೆಂದು ನಿಶ್ಚಿಂತರಾಗಿ ಮನೆಗೆ ಮರಳಿದವರ ಪಾಲಿಗೆ ಈ ಮೌನ ಘಾತಕವಾಗಬಲ್ಲದು. ಆದಕಾರಣ ವೈದ್ಯರು ರಕ್ತಪರೀಕ್ಷೆಯೊಂದನ್ನೇ ನೆಚ್ಚದೆ ಅಲ್ಟ್ರಾಸೌಂಡ್ ಚಿತ್ರಣವನ್ನೂ ಜೊತೆಗೂಡಿಸುತ್ತಾರೆ.

ಈ ಜೋಡಿಯ ಪ್ರಯೋಜನವನ್ನು ಷಾಂಘೈ ನಗರದಲ್ಲಿ ಪರೀಕ್ಷಿಸಲಾಯಿತು. ಹೆಪಟೈಟಿಸ್ ಬಿ ಸೋಂಕಿದ್ದ ಅಥವಾ ದೀರ್ಘಕಾಲದ ಯಕೃತ್ತಿನ ಉರಿಯೂತ ಅನುಭವಿಸಿದ್ದ 18,816 ಮಂದಿಯಲ್ಲಿ ಒಂದು ಗುಂಪಿನವರನ್ನು ಆರು ತಿಂಗಳಿಗೊಮ್ಮೆ ಕರೆದು ತಪಾಸಣೆ ನಡೆಸಿದರು. 2004ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆ ಗುಂಪಿನಲ್ಲಿ ಯಕೃತ್ತಿನ ಕ್ಯಾನ್ಸರಿನಿಂದಾದ ಮರಣಗಳು ಶೇಕಡ 37ರಷ್ಟು ಕಡಮೆಯಾಗಿದ್ದವು. ಕರೆದವರೆಲ್ಲರೂ ಪ್ರತಿಸಲವೂ ಬರಲಿಲ್ಲವೆಂಬುದು ಗಮನಾರ್ಹ. ಅಷ್ಟರಲ್ಲೇ ಇಷ್ಟು ಲಾಭ.

ರೋಗದ ಮುನ್ಸೂಚನೆಯಲ್ಲಿ ಈ ಪ್ರೋಟೀನಿನ ಬೆಲೆ ಇನ್ನೂ ಹಿರಿದು. ಇದು ಬಹಳ ಏರಿರುವವರಲ್ಲಿ ಅರ್ಬುದವು ದೊಡ್ಡದಾಗಿ, ರಕ್ತನಾಳಗಳಿಗೆ ನುಗ್ಗುವ ಸ್ವಭಾವದ್ದಾಗಿರುವುದು ಹೆಚ್ಚು. ಈ ಪ್ರೋಟೀನು ಕೇವಲ ಸಾಕ್ಷಿಯಲ್ಲ, ಅರ್ಬುದದ ಬೆಳವಣಿಗೆಗೆ ಕುಮ್ಮಕ್ಕು ನೀಡಿ ದೇಹದ ರಕ್ಷಣಾಕೋಶಗಳನ್ನು ಮಂಕಾಗಿಸುವ ಸಹಾಯಕವೂ ಹೌದೆಂದು ಪ್ರಯೋಗಾಲಯದ ಪರೀಕ್ಷೆಗಳು ಸೂಚಿಸಿವೆ. ರಕ್ತದಲ್ಲಿ ಇದರ ಪ್ರಮಾಣವು ಸುಮಾರು ಐದು ದಿನಗಳಿಗೊಮ್ಮೆ ಅರ್ಧಕ್ಕಿಳಿಯುವುದರಿಂದ, ಅರ್ಬುದವನ್ನು ಸಂಪೂರ್ಣವಾಗಿ ತೆಗೆದಿದ್ದರೆ ಕೆಲವೇ ವಾರಗಳಲ್ಲಿ ಅಂಕಿ ಸಹಜಕ್ಕೆ ಬರಬೇಕು. ಬಾರದಿದ್ದರೆ ಎಲ್ಲಿಯೋ ಶೇಷ ಉಳಿದಿದೆಯೆಂದು ಶಂಕಿಸಬೇಕು. ಇಳಿದು ಮತ್ತೆ ಏರಿದರೆ ರೋಗ ಮರುಕಳಿಸಿರುವ ಸಂಭವವುಂಟು.

ಔಷಧದ ಆಯ್ಕೆಗೂ ಇದೀಗ ಈ ಅಂಕಿಯೇ ಮಾರ್ಗದರ್ಶಿಯಾಗಿರುವುದುಂಟು. ರಾಮುಸಿರುಮಾಬ್ ಎಂಬ ಔಷಧವು ಎಲ್ಲ ರೋಗಿಗಳನ್ನೂ ಒಟ್ಟಾಗಿ ತೆಗೆದುಕೊಂಡಾಗ ನಿರೀಕ್ಷಿತ ಫಲ ನೀಡಲಿಲ್ಲ. ಬಳಿಕ 400 ನ್ಯಾನೋಗ್ರಾಮ್ ಅಥವಾ ಅದಕ್ಕಿಂತ ಹೆಚ್ಚಿದ್ದವರನ್ನೇ ಆರಿಸಿ ಪ್ರಯೋಗ ನಡೆಸಿದಾಗ, 2019ರ ವರದಿಯಂತೆ, ಅವರ ಮಧ್ಯಮ ಬಾಳ್ವೆ 7.3 ತಿಂಗಳಿನಿಂದ 8.5 ತಿಂಗಳಿಗೆ ಏರಿತು. ಉಳಿದದ್ದು ಒಂದೂಕಾಲು ತಿಂಗಳಷ್ಟೆ. ಬಲಿತ ರೋಗದೆದುರು ವೈದ್ಯವಿಜ್ಞಾನವು ಗೆಲ್ಲುವುದು ಹೀಗೆ ವಾರಗಳ ಲೆಕ್ಕದಲ್ಲಿ.