ಕೊಬ್ಬಿನ ಸ್ವಿಚ್ ಎಲ್ಲಿದೆ?

ನಮ್ಮ ಹಾಸ್ಟೆಲ್‌ನಲ್ಲಿ ಜಿಮ್‌ಗೆ ಹೋಗೋರ ಕಪಾಟು ತೆಗೆದ್ರೆ ‘ಫ್ಯಾಟ್ ಬರ್ನರ್’ ಡಬ್ಬ ಒಂದಾದ್ರೂ ಸಿಗುತ್ತೆ. ನುಂಗಿದ ಮಾತ್ರೆ ಕೊಬ್ಬನ್ನೇ ಹುಡುಕಿಕೊಂಡು ಹೋಗುತ್ತಾ? ಉತ್ತರಕ್ಕೆ ಕೊಬ್ಬಿನ ಜೀವಕೋಶದ ಮೇಲಿರುವ ಸ್ವಿಚ್‌ಗಳನ್ನು ನೋಡೋಣ.

ನಮ್ಮಲ್ಲಿ ಮುಖ್ಯವಾಗಿ ಎರಡು ಬಗೆಯ ಕೊಬ್ಬಿದೆ. ಬಿಳಿ ಕೊಬ್ಬು ಬ್ಯಾಟರಿ ಥರ, ಶಕ್ತಿಯನ್ನು ಕೂಡಿಡುತ್ತೆ. ಕಂದು ಕೊಬ್ಬು ಹೀಟರ್ ಥರ. ಅದರ ತುಂಬ ಮೈಟೊಕಾಂಡ್ರಿಯಾ ಇವೆ. ಅಲ್ಲಿರುವ ಯುಸಿಪಿ1 ಎಂಬ ಪ್ರೋಟೀನು ಶಕ್ತಿಯನ್ನು ಶಾಖವಾಗಿ ಬಿಟ್ಟುಬಿಡುತ್ತೆ. ಎಳೆ ಮಕ್ಕಳಲ್ಲಿ ಇದು ಜಾಸ್ತಿ. ದೊಡ್ಡವರಲ್ಲೂ ಇದು ಕೆಲಸ ಮಾಡುತ್ತೆ ಅಂತ 2009ರಲ್ಲಿ ಪೆಟ್ ಸ್ಕ್ಯಾನ್ ಅಧ್ಯಯನಗಳು ತೋರಿಸಿದವು. ಕತ್ತು ಮತ್ತು ಕೊರಳೆಲುಬಿನ ಮೇಲ್ಭಾಗದಲ್ಲಿ ಅದು ಕಂಡಿತು.

ಚಳಿಯಾದಾಗ ನರಗಳ ತುದಿಯಿಂದ ನಾರ್‌ಅಡ್ರಿನಲಿನ್ ಹೊರಬರುತ್ತೆ. ಅದು ಹೋಗಿ ಕೂರುವ ಜಾಗವೇ ಅಡ್ರಿನರ್ಜಿಕ್ ರಿಸೆಪ್ಟರ್. 1948ರಲ್ಲಿ ರೇಮಂಡ್ ಆಲ್ಕ್ವಿಸ್ಟ್ ಇವನ್ನು ಆಲ್ಫಾ, ಬೀಟಾ ಎಂದು ವಿಂಗಡಿಸಿದರು. ಮನುಷ್ಯರ ಬಿಳಿ ಕೊಬ್ಬಿನಲ್ಲಿ ಬೀಟಾ-1, ಬೀಟಾ-2 ಎರಡೂ ಆಕ್ಸಿಲರೇಟರ್ ಇದ್ದಂತೆ: ಒತ್ತಿದರೆ ಕೋಶದೊಳಗೆ ಸೈಕ್ಲಿಕ್ ಎಎಂಪಿ ಏರಿ ಕೊಬ್ಬು ಒಡೆಯುತ್ತೆ. ಆಲ್ಫಾ-2 ಬ್ರೇಕ್. ಹೆಂಗಸರ ಸೊಂಟ, ತೊಡೆಯ ಕೊಬ್ಬಿನಲ್ಲಿ ಈ ಬ್ರೇಕ್ ಜೋರು. ಅಲ್ಲಿನ ಕೊಬ್ಬು ಬೇಗ ಕರಗದಿರೋಕೆ ಇದೂ ಒಂದು ಕಾರಣ.

ಇಲಿಯಲ್ಲಿ ಮಾತ್ರ ಮುಖ್ಯ ಸ್ವಿಚ್ ಬೀಟಾ-3. ಅದನ್ನು ಒತ್ತುವ ಔಷಧಿಗಳು ಇಲಿಗಳನ್ನು ತೆಳ್ಳಗೆ ಮಾಡಿದವು, ಮನುಷ್ಯರಲ್ಲಿ ಸೋತವು. ಮಿರಾಬೆಗ್ರಾನ್ ಅನ್ನೋದು ಮೂತ್ರಕೋಶದ ತೊಂದರೆಗೆ ಕೊಡುವ ಬೀಟಾ-3 ಮಾತ್ರೆ. ಮಾಮೂಲಿ ಡೋಸ್ 25ರಿಂದ 50 ಮಿಲಿಗ್ರಾಂ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 12 ಯುವಕರಿಗೆ 200 ಮಿಲಿಗ್ರಾಂ ಕೊಟ್ಟಾಗ ಕಂದು ಕೊಬ್ಬು ಚುರುಕಾಯಿತು, ಜೊತೆಗೆ ಹೃದಯದ ಬಡಿತವೂ ಏರಿತು. 2020ರ ಇನ್ನೊಂದು ಅಧ್ಯಯನ, ಮನುಷ್ಯರ ಕಂದು ಕೊಬ್ಬನ್ನು ಬಿಸಿ ಮಾಡೋದು ಬೀಟಾ-2 ಎಂದಿತು.

ತೊಡಕು ಇರೋದು ಇಲ್ಲೇ. ಬೀಟಾ-1 ಹೃದಯದಲ್ಲೂ ಇದೆ, ಬೀಟಾ-2 ಶ್ವಾಸಕೋಶ, ಸ್ನಾಯುಗಳಲ್ಲೂ ಇದೆ. ಒಂದೇ ಸ್ವಿಚ್‌ಬೋರ್ಡಿನಿಂದ ಇಡೀ ಮನೆಗೆ ವೈರ್ ಎಳೆದ ಹಾಗೆ. ಹೀಟರ್ ಮಾತ್ರ ಆನ್ ಮಾಡ್ತೀವಿ ಅಂದ್ರೆ ಆಗಲ್ಲ. ಹಾಗಾಗಿ ಮಾತ್ರೆ ನುಂಗಿದ ಮೇಲೆ ಎದೆ ಡವಡವ ಅಂದ್ರೆ, ಕೈ ನಡುಗಿದ್ರೆ, ‘ಕೊಬ್ಬು ಕರಗ್ತಿದೆ’ ಅಂತ ಖುಷಿಪಡಬೇಡಿ. ಡಬ್ಬ ಪಕ್ಕಕ್ಕಿಟ್ಟು ಡಾಕ್ಟರ್ ಹತ್ರ ಹೋಗಿ.